ಮಾರುವ ದಿನದ ಭಯ

(ಓದುಗರ ಹಣಕಾಸಿನ ಪ್ರಶ್ನೆಗಳಿಗೆ, ಬ್ಯಾಂಕಿನ ಚಿನ್ನದ ಸಾಲದ ವಿಭಾಗದಲ್ಲಿ 19 ವರ್ಷ ಕೆಲಸ ಮಾಡಿ ನಿವೃತ್ತರಾದ ಶಿವಮೊಗ್ಗದ ಅಂಕಣಗಾರ್ತಿಯ ಉತ್ತರ)

ಪ್ರಶ್ನೆ: ಅಕ್ಕಾ, ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 41. ಕಟ್ಟಿದ ಚೀಟಿ ಮುಗಿದು ಎರಡೂವರೆ ಲಕ್ಷ ಕೈಗೆ ಬಂದಿದೆ. ಮಗಳಿಗೆ ಹದಿನಾಲ್ಕು. ಚಿನ್ನ ತೆಗೆದಿಡೋಣವೆಂದು ಎರಡು ಸಲ ಅಂಗಡಿಯ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದೆ. ಯಜಮಾನರು ಎಫ್‌ಡಿ ಮಾಡು ಅಂತಾರೆ. ಅತ್ತೆ, ‘ಒಡವೆ ಆದ್ರೆ ಮಾಡಿಸ್ಕೋ, ಗಟ್ಟಿ ಮನೇಲಿಟ್ರೆ ಸರ್ಕಾರದವ್ರು ಹಿಡೀತಾರೆ’ ಅಂತಾರೆ. ಹಿಂದಿನ ಬೀದಿಯ ಮನೆಯೊಂದರಲ್ಲಿ ಹೋದ ತಿಂಗಳು ಕಳ್ಳತನವಾಯಿತು. ಆದರೆ ನಿಜ ಹೇಳಬೇಕೆಂದರೆ ನನ್ನನ್ನು ತಡೆಯುತ್ತಿರುವುದು ಇವ್ಯಾವುವೂ ಅಲ್ಲ. ಏನೆಂದು ನನಗೇ ತಿಳಿಯುತ್ತಿಲ್ಲ. ಕಷ್ಟ ಬಂದಾಗ ಇದನ್ನು ತಗೊಂಡು ಯಾರ ಮುಂದೆ ನಿಲ್ಲಬೇಕು ಅನ್ನಿಸುತ್ತದೆ. ನಾನು ತೀರಾ ಹೆದರುತ್ತಿದ್ದೇನೆಯೇ?
(ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ತಂಗೀ, ಏನೆಂದು ತಿಳಿಯುತ್ತಿಲ್ಲ ಎಂದಿರಿ, ಮುಂದಿನ ಸಾಲಿನಲ್ಲೇ ಹೇಳಿಬಿಟ್ಟಿದ್ದೀರಿ. ‘ಯಾರ ಮುಂದೆ ನಿಲ್ಲಬೇಕು?’ ನಾನು ಕೌಂಟರಿನ ಆಚೆಗೂ ನಿಂತವಳು, ಈಚೆಗೂ ಕೂತವಳು. ಚಿನ್ನ ಕೊಳ್ಳಲು ಹಿಂಜರಿಯುವ ನೂರಾರು ಹೆಂಗಸರ ಜೊತೆ ಮಾತಾಡಿದ್ದೇನೆ. ಬೆಲೆ ಬಿದ್ದೀತು ಎಂದು ಹೆದರುವವರು ಕಡಿಮೆ. ಮಾರುವ ದಿನ ನಮ್ಮ ಚಿನ್ನದ ಬೆಲೆಯನ್ನು ಇನ್ನೊಬ್ಬರು ಹೇಳುತ್ತಾರೆ, ನಾವು ತಲೆಯಾಡಿಸಬೇಕು. ಆ ಗಳಿಗೆಯ ಭಯವೇ ಹೆಚ್ಚಿನವರಿಗೆ.

ನನ್ನ ಮನೆಯದನ್ನೇ ಹೇಳುತ್ತೇನೆ. ನಮ್ಮ ತಂದೆ ಅಕ್ಕಸಾಲಿಗರು. ಅಮ್ಮನಿಗೆ ಒಂದು ಗುಂಡಿನ ಸರವನ್ನು ತಾವೇ ಕೂತು ಮಾಡಿಕೊಟ್ಟಿದ್ದರು. ಅವರು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, 1998ರಲ್ಲಿ, ತಮ್ಮನ ಆಪರೇಷನ್ನಿಗೆ ದುಡ್ಡು ಸಾಲದೆ ಅಮ್ಮ ಅದನ್ನು ಮಾರಲು ಹೊರಟರು. ಜೊತೆಗೆ ನಾನು. ಆಗಲೇ ಬ್ಯಾಂಕಿನಲ್ಲಿದ್ದೆ, ಆದರೆ ಕ್ಯಾಷ್ ಕೌಂಟರಿನಲ್ಲಿ. ಚಿನ್ನದ ವಿಷಯ ಏನೂ ತಿಳಿಯದು. ತಕ್ಕಡಿಯಲ್ಲಿಟ್ಟಾಗ 48 ಗ್ರಾಂ ತೂಗಿತು. ಅಂಗಡಿಯವರು ಸರವನ್ನು ಒಳಗೆ ಒಯ್ದರು. ಅರ್ಧ ಗಂಟೆಯ ಮೇಲೆ ಬಂದು ‘39 ಬಂತಮ್ಮ, ಗುಂಡಿನೊಳಗೆಲ್ಲ ಅರಗು. ಹಳೇ ಮಾಲು ಬೇರೆ, 20 ಕ್ಯಾರೆಟ್ಟಿನ ಮೇಲೆ ಬರಲ್ಲ’ ಎಂದರು. ಅಮ್ಮ ಒಂದು ಮಾತೂ ಆಡಲಿಲ್ಲ. ದುಡ್ಡು ಎಣಿಸಿಕೊಂಡು ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಒಂದೇ ಮಾತು: ‘ನಿಮ್ಮಪ್ಪ ಮಾಡಿದ್ದು ಅಂತ ಹೇಳಬೇಕಿತ್ತು ಕಣೇ.’

ಹೇಳಿದ್ದರೂ ಬೆಲೆ ಏರುತ್ತಿರಲಿಲ್ಲ. ಮುಂದೆ ಚಿನ್ನದ ಸಾಲದ ವಿಭಾಗಕ್ಕೆ ಬಂದು, ಚಿನ್ನ ಪರೀಕ್ಷಕರ ಪಕ್ಕ ಕೂತು, ಒರೆಗಲ್ಲಿನ ಮೇಲೆ ಎಳೆದ ಗೆರೆಗೆ ಆಸಿಡ್ ಬಿಟ್ಟಾಗ ಅದು ಮಾಸುವುದನ್ನು ದಿನವೂ ನೋಡಿದ ಮೇಲೆ ನನಗೆ ತಿಳಿಯಿತು: ಅಂಗಡಿಯವರು ಹೇಳಿದ್ದು ಸುಳ್ಳಾಗಿರಲಿಕ್ಕಿಲ್ಲ. ಪೊಳ್ಳು ಗುಂಡು ನೆಗ್ಗದಿರಲಿ ಎಂದು ಒಳಗೆ ಅರಗು ತುಂಬುವುದು ಹಳೆಯ ಪದ್ಧತಿ. ಚಿನ್ನ 22 ಕ್ಯಾರೆಟ್ಟಿನದೇ ಆದರೂ ಪ್ರತಿ ಕೊಂಡಿಗೆ ಹಾಕಿದ ಬೆಸುಗೆಯಲ್ಲಿ ಬೇರೆ ಲೋಹ ಇರುತ್ತದೆ. ಇಡೀ ಸರ ಕರಗಿದಾಗ ಒಟ್ಟು ಶುದ್ಧತೆ ಇಳಿಯುತ್ತದೆ. ಅಪ್ಪ ಮೋಸ ಮಾಡಿರಲಿಲ್ಲ. ಅಂಗಡಿಯವರೂ ಮಾಡಿರಲಿಲ್ಲವೇನೋ. ಆದರೆ ಕರಗಿಸುವುದನ್ನು ಅವರು ನಮ್ಮ ಕಣ್ಣೆದುರು ಮಾಡಲಿಲ್ಲ, ನಮ್ಮ ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಆ ಅನುಮಾನವನ್ನು ಅಮ್ಮ ಕೊನೆಯವರೆಗೂ ಹೊತ್ತುಕೊಂಡೇ ಇದ್ದರು. ಆಮೇಲೆ ನಮ್ಮ ಮನೆಯಲ್ಲಿ ಅವರು ಒಂದು ಗುಂಜಿ ಚಿನ್ನವನ್ನೂ ಕೊಳ್ಳಗೊಡಲಿಲ್ಲ.

ಆದ್ದರಿಂದ ನಿಮ್ಮ ಭಯವನ್ನು ನಾನು ತಳ್ಳಿಹಾಕಲಾರೆ. ಅದಕ್ಕೆ ಲೆಕ್ಕದ ಆಧಾರವೂ ಇದೆ. ಪೆನ್ನು ಹಿಡಿದುಕೊಳ್ಳಿ. ಸುಲಭವಾಗಲೆಂದು 22 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. 20 ಗ್ರಾಮಿನ ಸರಕ್ಕೆ ಚಿನ್ನದ ಬೆಲೆ 2,00,000. ಮಜೂರಿ, ವೇಸ್ಟೇಜ್ ಸೇರಿ ಶೇ 14 ಎಂದರೆ 28,000. ಒಟ್ಟು ಮೊತ್ತದ ಮೇಲೆ ಶೇ 3 ಜಿಎಸ್‌ಟಿ, 6,840. ನೀವು ಕೊಡುವುದು 2,34,840. ಮರುದಿನವೇ ಮಾರಲು ಹೋದರೆ ಮಜೂರಿಯೂ ಇಲ್ಲ, ತೆರಿಗೆಯೂ ಇಲ್ಲ. ಕರಗಿಸುವ ನಷ್ಟವೆಂದು ಶೇ 2 ಕಳೆದರೆ ಕೈಗೆ ಬರುವುದು 1,96,000. ಒಂದು ರಾತ್ರಿಯಲ್ಲಿ 38,840 ಹೋಯಿತು. ಹಾಕಿದ ಹಣವಷ್ಟೇ ವಾಪಸ್ ಬರಬೇಕಾದರೂ ಚಿನ್ನದ ದರ ಹೆಚ್ಚುಕಡಿಮೆ ಶೇ 20 ಏರಬೇಕು. ಕಲ್ಲು, ಮುತ್ತು, ಎನಾಮಲ್ ಇದ್ದರೆ ಇನ್ನೂ ಕಷ್ಟ. ಕಲ್ಲಿಗೆ ಕೊಳ್ಳುವಾಗ ದುಡ್ಡು, ಮಾರುವಾಗ ಸೊನ್ನೆ. ನಮ್ಮ ಕೌಂಟರಿನಲ್ಲಿ ‘ನಿವ್ವಳ ತೂಕ’ ಎಂದು ಬರೆದಾಗಲೆಲ್ಲ ಎದುರಿಗಿದ್ದವರ ಮುಖ ಇಳಿಯುತ್ತಿತ್ತು.

ಅದೇ ಎರಡು ಲಕ್ಷದ ಚಿನ್ನವಿರುವ 24 ಕ್ಯಾರೆಟ್ ನಾಣ್ಯಗಳನ್ನು ಕೊಂಡರೆ? ಮಜೂರಿ ಶೇ 2 ಎಂದುಕೊಂಡರೆ ತೆರಿಗೆ ಸೇರಿ 2,10,120 ಆಗುತ್ತದೆ. ಮಾರುವಾಗ ಇಲ್ಲೂ ಶೇ 2 ಕಳೆಯುತ್ತಾರೆಂದರೂ ದರ ಶೇ 7ಕ್ಕಿಂತ ಸ್ವಲ್ಪ ಹೆಚ್ಚು ಏರಿದರೆ ಅಸಲು ಗಿಟ್ಟುತ್ತದೆ. ಆಭರಣವನ್ನೇ ಉಳಿತಾಯವೆಂದು ಕರೆದು ಮಾರುವ ಜಾಹೀರಾತುಗಳಲ್ಲಿ ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಹಾಕಿದ್ದನ್ನು ನಾನು ಕಂಡಿಲ್ಲ. ಹಾಕಬೇಕು ಎಂಬುದು ನನ್ನ ಬಹುದಿನದ ಬೇಡಿಕೆ.

ನಿಮ್ಮ ಅತ್ತೆಯವರ ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅವರು ನಿಜವಾಗಿ ನಡೆದದ್ದನ್ನೇ ನೆನಪಿಟ್ಟುಕೊಂಡಿದ್ದಾರೆ. ಚೀನಾ ಯುದ್ಧ ಮುಗಿದ ಬೆನ್ನಿಗೇ, 1963ರ ಜನವರಿಯಲ್ಲಿ, ಹಣಕಾಸು ಸಚಿವ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣದ ನಿಯಮ ತಂದರು. ಹೊಸ ಒಡವೆ 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯದಾಗಿರಕೂಡದು ಎಂದಾಯಿತು. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರ ಒಲೆ ಆರಿತು, ಜೀವ ಕಳೆದುಕೊಂಡವರೂ ಇದ್ದರು. ನಮ್ಮಪ್ಪ ಆ ಕಾಲದಲ್ಲಿ ಕೆಲವು ತಿಂಗಳು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದರು. ಊದುಗೊಳವೆ, ಚಿಮುಟವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದರಂತೆ. 1968ರಲ್ಲಿ ಅದು ಕಾಯ್ದೆಯೇ ಆಯಿತು. ಸಾಮಾನ್ಯ ಜನ ಗಟ್ಟಿ, ಬಿಸ್ಕತ್ತು ಇಟ್ಟುಕೊಳ್ಳುವುದು ಅಪರಾಧವಾಗಿತ್ತು, ಒಡವೆಗೆ ಅಡ್ಡಿಯಿರಲಿಲ್ಲ. 1990ರಲ್ಲಿ ಆ ಕಾಯ್ದೆ ರದ್ದಾಯಿತು. ಅಂದರೆ ಅತ್ತೆಯವರ ಎಚ್ಚರಿಕೆ ಒಂದು ಕಾಲದಲ್ಲಿ ಅಕ್ಷರಶಃ ಸತ್ಯ. ಇವತ್ತು ಬಿಲ್ಲು ಇರುವ ನಾಣ್ಯವನ್ನೋ ಗಟ್ಟಿಯನ್ನೋ ಮನೆಯಲ್ಲಿಡುವುದು ತಪ್ಪಲ್ಲ. ಅವರ ಪಕ್ಕ ಕೂತು ಇದನ್ನು ವಿವರಿಸಿ ಹೇಳಿ, ಒಪ್ಪುತ್ತಾರೆ.

ಕಳ್ಳತನದ ಮಾತಿಗೆ ಬರೋಣ. ಲಾಕರ್ ಹಿಡಿಯಿರಿ, ಆದರೆ ಅದರ ಮಿತಿ ತಿಳಿದು ಹಿಡಿಯಿರಿ. ಒಳಗೆ ಏನಿದೆ ಎಂದು ಬ್ಯಾಂಕಿಗೆ ಗೊತ್ತಿರುವುದಿಲ್ಲ, ಅದು ವಿಮೆಯನ್ನೂ ಮಾಡಿಸುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬೆಂಕಿ, ಕಳವು, ದರೋಡೆ, ಸಿಬ್ಬಂದಿಯ ವಂಚನೆಯಂಥ ಸಂದರ್ಭದಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತ. ಬಾಡಿಗೆ 2,500 ಆದರೆ ಪರಿಹಾರ ಹೆಚ್ಚೆಂದರೆ 2,50,000. ನಿಮ್ಮ ಮೊತ್ತಕ್ಕೆ ಅದು ಸರಿಹೋಗುತ್ತದೆ. ನೆರೆ, ಭೂಕಂಪದಂಥ ಪ್ರಕೃತಿ ವಿಕೋಪಕ್ಕೆ ಬ್ಯಾಂಕು ಹೊಣೆಯಲ್ಲ, ಇದು ನಮ್ಮ ಮಲೆನಾಡಿನವರಿಗೆ ತಿಳಿದಿರಲಿ. ಪ್ರತಿ ವಸ್ತುವಿನ ಫೋಟೊ ಮತ್ತು ಬಿಲ್ಲಿನ ಪ್ರತಿ ಲಾಕರಿನ ಹೊರಗೂ ಒಂದು ಕಡೆ ಇರಲಿ. ದಯವಿಟ್ಟು ಅಕ್ಕಿ ಡಬ್ಬದಲ್ಲಿ ಇಡಬೇಡಿ. ಕಳ್ಳರು ಮೊದಲು ಬಗ್ಗಿಸುವುದೇ ಅದನ್ನು.

ಯಜಮಾನರ ಎಫ್‌ಡಿ ಮಾತಿನಲ್ಲೂ ಹುರುಳಿದೆ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಅಪರಂಜಿ ಒಂದು ಲಕ್ಷ ದಾಟಿದ ಮೇಲೆ ಚಿನ್ನ ಇಳಿಯುವುದೇ ಇಲ್ಲವೆಂಬ ನಂಬಿಕೆ ಹಬ್ಬಿದೆ. ಇಳಿದದ್ದಿದೆ. 2012ರ ಹೊತ್ತಿಗೆ 10 ಗ್ರಾಂಗೆ 31 ಸಾವಿರದ ಆಸುಪಾಸಿನಲ್ಲಿದ್ದುದು 2015ರಲ್ಲಿ 26 ಸಾವಿರದ ಹತ್ತಿರ ಬಂದಿತ್ತು. ಆ ವರ್ಷಗಳಲ್ಲಿ ಬ್ಯಾಂಕಿಗೆ ಬಂದು ‘ಮೇಡಂ, ಯಾವಾಗ ಏರುತ್ತೆ?’ ಎಂದು ಕೇಳುತ್ತಿದ್ದವರ ಮುಖಗಳು ನನಗಿನ್ನೂ ಕಣ್ಣಿಗೆ ಕಟ್ಟಿದಂತಿವೆ. ಬೆಲೆ ಏರುವಾಗಲೂ ಅದಷ್ಟೂ ಚಿನ್ನದ ಮಹಿಮೆಯಲ್ಲ, ರೂಪಾಯಿ ಸವೆದದ್ದೂ ಅದರಲ್ಲಿದೆ. ಡಾಲರ್ ಲೆಕ್ಕದಲ್ಲಿ ಚಿನ್ನ 1980ರ ಜನವರಿಯಲ್ಲಿ ಔನ್ಸಿಗೆ 850 ಮುಟ್ಟಿ 1999ರಲ್ಲಿ 250ರ ಸಮೀಪಕ್ಕೆ ಇಳಿದಿತ್ತು. ನಮ್ಮಲ್ಲಿ ಅದು ಗೊತ್ತಾಗಲೇ ಇಲ್ಲ, ಏಕೆಂದರೆ ಅಷ್ಟರಲ್ಲಿ ಡಾಲರು 8 ರೂಪಾಯಿಯಿಂದ 43 ರೂಪಾಯಿಗೆ ಹೋಗಿತ್ತು.

ಹಾಗಾದರೆ ಚಿನ್ನವೇ ಬೇಡವೇ? ಬೇಕು. ಅದು ಯಾವ ಕೆಲಸಕ್ಕೆ ಎಂದು ಹೇಳುತ್ತೇನೆ. ಸಾಗರದ ಕಡೆಯಿಂದ ನಮ್ಮ ಶಾಖೆಗೆ ಒಬ್ಬ ತಾಯಿ ಬರುತ್ತಿದ್ದರು. ಪ್ರತಿ ಜೂನ್‌ನಲ್ಲಿ ಮಕ್ಕಳ ಫೀಜಿಗೆಂದು ಎರಡು ಸಾದಾ ಬಳೆ ಅಡವಿಡುವುದು, ಅಡಿಕೆ ಮಾರಿದ ಮೇಲೆ ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಬಿಡಿಸಿಕೊಳ್ಳುವುದು. ಹನ್ನೊಂದು ವರ್ಷ. ಯಾರನ್ನೂ ಕೇಳಲಿಲ್ಲ, ಯಾರ ಜಾಮೀನೂ ಬೇಕಾಗಲಿಲ್ಲ. ಎರಡು ಮಕ್ಕಳು ಓದಿ ಮುಗಿಸಿದರು. ಬಳೆ ಇವತ್ತಿಗೂ ಅವರ ಕೈಯಲ್ಲಿದೆ. ಚಿನ್ನದ ನಿಜವಾದ ಶಕ್ತಿಯನ್ನು ನಾನು ಕಂಡದ್ದು ಅಲ್ಲಿ. ಅದೇ ಕೌಂಟರಿನಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನೂ ಕಂಡೆ: ‘ಮನೆ ಲಕ್ಷ್ಮೀನ ಮಾರಬಾರದು’ ಎಂದು ವರ್ಷಗಟ್ಟಲೆ ಬಡ್ಡಿ ಕಟ್ಟಿ, ಕಡೆಗೆ ಅದೂ ಆಗದೆ ಹರಾಜಿಗೆ ಬಿಟ್ಟವರು. ಅವರಿಗೆ ಮೊದಲ ವರ್ಷವೇ ಮಾರಿ ಎಂದು ಹೇಳಿದ್ದೆ. ಹೇಳುವುದು ಸುಲಭ, ತಾಳಿ ಸರ ಬಿಚ್ಚಿಕೊಟ್ಟು ಹೋಗುವುದು ಸುಲಭವಲ್ಲ ಎಂದು ಬಲ್ಲೆ.

ಈಗ ನಿಮ್ಮ ಎರಡೂವರೆ ಲಕ್ಷ. ಒಂದು ಲಕ್ಷವನ್ನು ಯಜಮಾನರು ಹೇಳಿದಂತೆ ಠೇವಣಿ ಮಾಡಿ, ನಿಮ್ಮ ಹೆಸರಿನಲ್ಲಿ. ಉಳಿದ ಒಂದೂವರೆಯಲ್ಲಿ ಕಲ್ಲಿಲ್ಲದ, ಅರಗು ತುಂಬದ, ಕಡಿಮೆ ಮಜೂರಿಯ ಒಂದು ಸಾದಾ ಬಳೆಯೋ ಸರವೋ ತೆಗೆದುಕೊಳ್ಳಿ. ನಾಣ್ಯ ಅಗ್ಗವೆಂದು ಈಗಷ್ಟೇ ಹೇಳಿ ಬಳೆ ಏಕೆ ಹೇಳುತ್ತಿದ್ದೇನೆ ಎಂದರೆ, ಅಡವಿಡುವ ದಿನ ಬಂದರೆ ಬ್ಯಾಂಕುಗಳು ಗಟ್ಟಿಯ ಮೇಲೆ ಸಾಲ ಕೊಡುವಂತಿಲ್ಲ, ನಾಣ್ಯಕ್ಕೂ 50 ಗ್ರಾಮಿನ ಮಿತಿಯಿದೆ, ಅಂಗಡಿಯ ನಾಣ್ಯವನ್ನು ಒಪ್ಪದ ಶಾಖೆಗಳನ್ನೂ ಕಂಡಿದ್ದೇನೆ. ಒಡವೆಗೆ ಆ ತೊಡಕಿಲ್ಲ. ಮಿಕ್ಕದ್ದಕ್ಕೆ ಐದೈದು ಗ್ರಾಮಿನ ನಾಣ್ಯ ಸಾಕು, ಬೇಕಾದಾಗ ಒಂದನ್ನಷ್ಟೇ ಮಾರಬಹುದು. ನಾಣ್ಯವನ್ನು ಬ್ಯಾಂಕಿನಲ್ಲಿ ಕೊಳ್ಳಬೇಡಿ. ಮಾರಿದ ಬ್ಯಾಂಕು ಅದನ್ನು ವಾಪಸ್ ಕೊಳ್ಳುವುದಿಲ್ಲ.

ಅಂಗಡಿಯ ಮೆಟ್ಟಿಲು ಹತ್ತಿದೊಡನೆ ಮೊದಲ ಪ್ರಶ್ನೆ ಇದಾಗಿರಲಿ: ‘ಇದನ್ನೇ ನಾಳೆ ತಂದರೆ ಎಷ್ಟಕ್ಕೆ ತಗೋತೀರಿ? ಎಷ್ಟು ಪರ್ಸೆಂಟ್ ಕಳೀತೀರಿ?’ ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕುವ ಅಂಗಡಿಯಿಂದ ಮೂರನೇ ಸಲವೂ ವಾಪಸ್ ಬನ್ನಿ, ಅದರಲ್ಲಿ ತಪ್ಪೇನೂ ಇಲ್ಲ. ಒಡವೆಯ ಮೇಲೆ ಹಾಲ್‌ಮಾರ್ಕ್ ಮುದ್ರೆ, 22ಕೆ916 (ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ) ಎಂಬ ಗುರುತು, ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ ಇರಬೇಕು. 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ. ಆ ಸಂಖ್ಯೆಯನ್ನು ಸರ್ಕಾರದ ಮಾನಕ ಸಂಸ್ಥೆಯಾದ ಬಿಐಎಸ್‌ನ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅಲ್ಲೇ ಹಾಕಿ ನೋಡಿ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ ಕೊರತೆಯ ಮೊತ್ತದ ಎರಡು ಪಟ್ಟು ಪರಿಹಾರ ಮತ್ತು ಪರೀಕ್ಷೆಯ ಖರ್ಚು ಕೇಳುವ ಹಕ್ಕು ನಿಮಗಿದೆ. 1998ರಲ್ಲಿ ನಮ್ಮ ಅಮ್ಮನ ಕೈಯಲ್ಲಿ ಇಲ್ಲದಿದ್ದುದು ಇದೇ. ನಿಮ್ಮ ಕೈಯಲ್ಲಿರಲಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಬೆಳ್ಳಿ ಇನ್ನೂ ಏರ್ತದ ಅಂತ ಎಲ್ಲಾರೂ ಹೇಳಾಕತ್ತಾರ. ಎರಡು ಕಿಲೋ ಬೆಳ್ಳಿ ಗಟ್ಟಿ ತಗೊಂಡು ಇಡಬೇಕಂತ ಮಾಡೇನಿ. ಮನ್ಯಾಗ ಬ್ಯಾಡ ಅಂತಾರ. ಬಂಗಾರಕ್ಕ ಒಪ್ಪೋ ಮಂದಿ ಬೆಳ್ಳಿಗೆ ಯಾಕ ಹಿಂಜರಿತಾರ?
(ಓದುಗರು, ಹುಬ್ಬಳ್ಳಿ)

ಉತ್ತರ: ಮನೆಯವರ ಹಿಂಜರಿಕೆಗೆ ಕಾರಣವಿದೆ ಅಣ್ಣಾ. ಬೆಳ್ಳಿ ಏರುವಾಗ ಕಣ್ಣು ಕೋರೈಸುವಂತೆ ಏರುತ್ತದೆ, ಇಳಿಯುವಾಗ ಕಾಲಡಿಯ ನೆಲವೇ ಸರಿದಂತೆ ಇಳಿಯುತ್ತದೆ. 2011ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಕಿಲೋಗೆ 75 ಸಾವಿರದ ಹತ್ತಿರ ಹೋಗಿತ್ತು. ಹೊರದೇಶದ ಪೇಟೆಯಲ್ಲಿ ಆಗ ಔನ್ಸಿಗೆ ಸುಮಾರು 50 ಡಾಲರು. 2015ರ ಕೊನೆಗೆ ಅದು 14 ಡಾಲರಿಗಿಂತ ಕೆಳಗಿತ್ತು. ಆ ಏಪ್ರಿಲ್‌ನಲ್ಲಿ ಕೊಂಡವರು ರೂಪಾಯಿ ಲೆಕ್ಕದಲ್ಲಿ ಅದೇ ಬೆಲೆ ಮತ್ತೆ ನೋಡಲು 2020ರವರೆಗೆ ಕಾಯಬೇಕಾಯಿತು. ಬೆಳ್ಳಿಯ ಅರ್ಧಕ್ಕೂ ಹೆಚ್ಚು ಬೇಡಿಕೆ ಸೋಲಾರ್ ಫಲಕ, ಎಲೆಕ್ಟ್ರಾನಿಕ್ಸ್‌ನಂಥ ಕೈಗಾರಿಕೆಯದು. ಕಾರ್ಖಾನೆಗಳ ಬೇಡಿಕೆ ತಗ್ಗಿದರೆ ಬೆಳ್ಳಿಯ ಬೆಲೆಗೂ ಅದರ ಬಿಸಿ ತಟ್ಟುತ್ತದೆ.

ಜಾಗದ ತೊಡಕು ಬೇರೆ. ಒಂದು ಕಿಲೋ ಚಿನ್ನ ಸಣ್ಣ ಕಾಫಿ ಲೋಟದಲ್ಲಿ ಹಿಡಿಯುತ್ತದೆ. ಅಷ್ಟೇ ಬೆಲೆಯ ಬೆಳ್ಳಿಗೆ ಹತ್ತಾರು ಪಟ್ಟು ತೂಕ ಹೊರಬೇಕು. ಅಡವಿಡಲೂ ಗಟ್ಟಿ ಬೆಳ್ಳಿ ಬಾರದು. ರಿಸರ್ವ್ ಬ್ಯಾಂಕಿನ 2025ರ ನಿಯಮದಲ್ಲಿ ಬೆಳ್ಳಿಯ ಒಡವೆ ಮತ್ತು ನಾಣ್ಯದ ಮೇಲೆ ಸಾಲಕ್ಕೆ ದಾರಿ ಇದೆ, ಗಟ್ಟಿಗಿಲ್ಲ. ಕಾಲ್ಗೆಜ್ಜೆ, ದೀಪ, ತಟ್ಟೆಗಳನ್ನು ಉಳಿತಾಯವೆಂದು ಲೆಕ್ಕ ಹಾಕಲೇಬೇಡಿ. ಎಷ್ಟೋ ಗೆಜ್ಜೆಗಳಲ್ಲಿ ಬೆಳ್ಳಿಗಿಂತ ಬೆಸುಗೆಯೇ ಎದ್ದು ಕಾಣುತ್ತದೆ. ಬೆಳ್ಳಿಗೆ ಎಚ್‌ಯುಐಡಿ ಬಂದದ್ದು 2025ರ ಸೆಪ್ಟೆಂಬರ್ 1ರಿಂದ, ಅದೂ ಕಡ್ಡಾಯವಲ್ಲ. ಕಪ್ಪಾಗುತ್ತದೆ ಎಂಬ ಒಂದು ಭಯವನ್ನು ಮಾತ್ರ ಬಿಟ್ಟುಬಿಡಿ. ಅದು ಗಾಳಿಯ ಗಂಧಕದಿಂದ ಮೇಲ್ಮೈಗೆ ಹಿಡಿಯುವ ತೆಳು ಪದರ, ತೂಕಕ್ಕೆ ಧಕ್ಕೆಯಿಲ್ಲ. ಎರಡು ಕಿಲೋ ಬದಲು ಕಾಲು ಕಿಲೋದಿಂದ ಶುರು ಮಾಡಿ, ಮನೆಯವರನ್ನು ಒಪ್ಪಿಸಿಯೇ.

ಪ್ರಶ್ನೆ: ಆ್ಯಪಿನಲ್ಲಿ ಹತ್ತು ರೂಪಾಯಿಗೂ ಡಿಜಿಟಲ್ ಚಿನ್ನ ಸಿಗುತ್ತದೆ. ಕಳ್ಳರ ಭಯವಿಲ್ಲ, ಮಜೂರಿ ಇಲ್ಲ. ಅದೇ ಒಳ್ಳೆಯದಲ್ಲವೇ ಮೇಡಂ?
(ಓದುಗರು, ಬೆಂಗಳೂರು)

ಉತ್ತರ: ಅಲ್ಲ. ಅದು ತನ್ನ ನಿಯಂತ್ರಣದಲ್ಲಿ ಇಲ್ಲವೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಕಂಪನಿ ಮುಳುಗಿದರೆ ಯಾರ ಬಾಗಿಲು ತಟ್ಟುತ್ತೀರಿ? ಅದರಲ್ಲೂ ಶೇ 3 ಜಿಎಸ್‌ಟಿ ಇದೆ, ಕೊಳ್ಳುವ-ಮಾರುವ ದರದ ನಡುವೆ ಅಂತರವೂ ಇದೆ. ಕಾಗದದ ಚಿನ್ನವೇ ಬೇಕಾದರೆ ಸೆಬಿಯ ಹಿಡಿತದಲ್ಲಿರುವ ಗೋಲ್ಡ್ ಇಟಿಎಫ್, ಅಂದರೆ ಷೇರಿನಂತೆ ಕೊಂಡು ಮಾರುವ ಚಿನ್ನದ ನಿಧಿ, ಇದೆ. ಸರ್ಕಾರದ ಚಿನ್ನದ ಬಾಂಡ್ ಚೆನ್ನಾಗಿತ್ತು, ಶೇ 2.5 ಬಡ್ಡಿಯೂ ಬರುತ್ತಿತ್ತು. 2024ರ ಫೆಬ್ರವರಿಯ ನಂತರ ಹೊಸ ಕಂತು ಬಂದಿಲ್ಲ.

ಪ್ರಶ್ನೆ: ಅಮ್ಮ ತೀರಿಕೊಂಡರು. ಅವರ ಒಡವೆ ಸುಮಾರು 180 ಗ್ರಾಂ ಇದೆ, ಯಾವುದಕ್ಕೂ ಬಿಲ್ಲಿಲ್ಲ. ನಾವು ಇಬ್ಬರು ಹೆಣ್ಣುಮಕ್ಕಳು. ಇಟ್ಟುಕೊಂಡರೆ ಇನ್‌ಕಂ ಟ್ಯಾಕ್ಸಿನವರು ಕೇಳುತ್ತಾರೆ, ಮಾರಿಬಿಡಿ ಎಂದು ನೆಂಟರು ಹೆದರಿಸುತ್ತಿದ್ದಾರೆ. ಅದರಲ್ಲಿ ಅಜ್ಜಿಯ ಕಾಸಿನ ಸರವೂ ಇದೆ.
(ಓದುಗರು, ಮಂಡ್ಯ)

ಉತ್ತರ: ನೆಂಟರ ಮಾತಿಗೆ ಮಾರಬೇಡಿ. ತಾಯಿಯಿಂದ ಬಂದ ಒಡವೆಗೆ ಬಂದಾಗ ತೆರಿಗೆ ಇಲ್ಲ. ತಪಾಸಣೆ ನಡೆದರೂ ಮದುವೆಯಾದ ಹೆಣ್ಣಿನ 500 ಗ್ರಾಂ, ಮದುವೆಯಾಗದವಳ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಒಡವೆಯನ್ನು ವಶಪಡಿಸಿಕೊಳ್ಳಬಾರದೆಂದು 1994ರ ಮೇ ತಿಂಗಳಿನಿಂದಲೇ ನೇರ ತೆರಿಗೆ ಮಂಡಳಿಯ ಸೂಚನೆ ಇದೆ. ನಿಮ್ಮಿಬ್ಬರದು ಅದರೊಳಗೇ ಬರುತ್ತದೆ. ಮುಂದೆಂದಾದರೂ ಮಾರಿದರೆ ಅಮ್ಮ ಇಟ್ಟುಕೊಂಡಿದ್ದ ಕಾಲವೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. 24 ತಿಂಗಳು ದಾಟಿದ್ದರಿಂದ ಲಾಭದ ಮೇಲೆ ಶೇ 12.5 ತೆರಿಗೆ.

ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆಯನ್ನು ಮಾರಲು ನಿಮಗೆ ಅಡ್ಡಿಯಿಲ್ಲ, ಕಡ್ಡಾಯವಿರುವುದು ಅಂಗಡಿಯವರಿಗೆ. ಆದರೆ ಮೊದಲು ಬಿಐಎಸ್ ಮಾನ್ಯತೆಯ ಪರೀಕ್ಷಾ ಕೇಂದ್ರಕ್ಕೆ ಹೋಗಿ ಶುದ್ಧತೆಯ ವರದಿ ಪಡೆಯಿರಿ. ನಾಲ್ಕು ವಸ್ತುಗಳವರೆಗೆ 200 ರೂಪಾಯಿ ಶುಲ್ಕ. ನಮ್ಮಮ್ಮ ಬರಿಗೈಯಲ್ಲಿ ಹೋದಂತೆ ನೀವು ಹೋಗಬಾರದು. ಅಕ್ಕತಂಗಿಯರು ಒಟ್ಟಿಗೆ ಕೂತು ಒಂದೊಂದನ್ನೂ ತೂಗಿ, ಫೋಟೊ ತೆಗೆದು, ಹಂಚಿಕೆಯನ್ನು ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ.

ಕಾಸಿನ ಸರವನ್ನು ಮಾತ್ರ ಕರಗಿಸಲು ಕೊಡಬೇಡಿ, ಎಷ್ಟೇ ಬೆಲೆ ಹೇಳಿದರೂ. ಅಂಥ ಕೈಕೆಲಸ ಈಗ ಮಾಡಿಸಲು ಹೋದರೆ ಮಾಡುವವರೇ ಸಿಗುವುದಿಲ್ಲ. ಕೊಂಡಿಯ ಹತ್ತಿರ ಮಸೂರ ಹಿಡಿದು ನೋಡಿ, ಕೆಲವು ಅಕ್ಕಸಾಲಿಗರು ಅಲ್ಲೊಂದು ಪುಟ್ಟ ಗುರುತು ಕೊರೆಯುತ್ತಿದ್ದರು. ಇದ್ದರೆ ಅದರ ಫೋಟೊ ನನಗೂ ಕಳಿಸಿ.